ಲೋಹಶೋಧಕ ಯಂತ್ರವೂ ಹಳೆಯ ನಾಣ್ಯವೂ

ನೆಲದಲ್ಲಿ ಹುದುಗಿದ ಧನದ ಮೇಲೆ ಮನುಷ್ಯನಿಗಿರುವ ಮೋಹ ಬಹು ಹಳೆಯದು. ಅಂಜನ ಹಾಕಿ ನೋಡುವವರು, ಸರ್ಪ ಕಾಯುವ ಕೊಪ್ಪರಿಗೆಯ ಕಥೆ ಹೇಳುವವರು, ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಹೊರಡುವವರು ನಮ್ಮ ಯಾವ ಸೀಮೆಯಲ್ಲಿ ಇಲ್ಲ? ಈಗ ಅಂಜನದ ಸ್ಥಾನಕ್ಕೆ ಯಂತ್ರವೊಂದು ಬಂದಿದೆ. ಉದ್ದನೆಯ ಕೋಲು, ಅದರ ತುದಿಗೆ ತಟ್ಟೆಯಂಥ ಸುರುಳಿ, ಹಿಡಿಯ ಬಳಿ ಸಣ್ಣದೊಂದು ಪೆಟ್ಟಿಗೆ, ಕಿವಿಗೆ ಹೆಡ್‌ಫೋನು. ಮೆಟಲ್ ಡಿಟೆಕ್ಟರ್ ಎಂದು ಎಲ್ಲರೂ ಕರೆಯುವ ಇದನ್ನು ಕನ್ನಡದಲ್ಲಿ ಲೋಹಶೋಧಕ ಎನ್ನಬಹುದು. ಹಳೆಯ ನಾಣ್ಯಗಳನ್ನೂ ಹಿಂದಿನವರು ಬಳಸಿ ಬಿಟ್ಟುಹೋದ ವಸ್ತುಗಳನ್ನೂ ಇದರಿಂದ ಹುಡುಕುವುದು ಹೊರದೇಶಗಳಲ್ಲಿ ಒಂದು ಹವ್ಯಾಸವಾಗಿ ಬೆಳೆದಿದೆ. ನಮ್ಮಲ್ಲಿಯೂ ಇದನ್ನು ಕೊಳ್ಳುವವರು ಇದ್ದಾರೆ. ಬಗೆಬಗೆಯ ಯಂತ್ರಗಳಲ್ಲಿ ಯಾವುದನ್ನು ಆರಿಸಬೇಕು, ಆರಿಸುವ ಮುನ್ನ ಏನನ್ನು ತಿಳಿದಿರಬೇಕು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ನಾನು ರಾಬರ್ಟ್‌ಸನ್‌ಪೇಟೆಯವನು; ಭೌತವಿಜ್ಞಾನದ ಉಪಾಧ್ಯಾಯನಾಗಿ ಬಹುಕಾಲ ದುಡಿದವನು. ನಮ್ಮೂರಿನವರಿಗೆ ನೆಲವೆಂದರೆ ಮೊದಲು ನೆನಪಾಗುವುದು ಚಿನ್ನ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಕೆಲಸ ಹಿಡಿದಂದಿನಿಂದ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚುವವರೆಗೆ, ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. ಗಣಿ ಮುಚ್ಚಿದ ಮೇಲೆ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಮನೆಗಳ ಹುಡುಗರು ನನ್ನನ್ನು ಕೇಳುವುದುಂಟು: “ಸಾರ್, ಯಾವ ಮೆಷಿನ್ ತಗೊಂಡ್ರೆ ಇಲ್ಲಿ ಚಿನ್ನ ಸಿಗುತ್ತೆ?”

ಈ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಲೇಸು. ಯಾವ ಯಂತ್ರದಿಂದಲೂ ಸಿಗುವುದಿಲ್ಲ. ಕೋಲಾರದ ಚಿನ್ನ ಬೆಣಚುಕಲ್ಲಿನ ಪಟ್ಟೆಗಳಲ್ಲಿ ಬಹುಮಟ್ಟಿಗೆ ಸಣ್ಣ ಕಣಗಳಾಗಿ ಹರಡಿಕೊಂಡಿರುವಂಥದು. ಅದನ್ನು ಪಡೆಯಬೇಕಾದರೆ ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ ಸಯನೈಡಿನ ದ್ರಾವಣದಲ್ಲಿ ಕರಗಿಸಬೇಕಾಗಿತ್ತು. ಹೀಗೆ ಚಿನ್ನ ತೆಗೆದುಳಿದ ಹಿಟ್ಟೇ ಊರ ಸುತ್ತ ಬೂದುಬಣ್ಣದ ದಿಬ್ಬಗಳಾಗಿ ನಿಂತಿದೆ. ಅದರಲ್ಲಿ ಉಳಿದಿರುವ ಚಿನ್ನ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ. ಆಸ್ಟ್ರೇಲಿಯದ ಬಯಲಿನಲ್ಲಿ ಚಿನ್ನದ ಗಟ್ಟಿಗಳನ್ನು ಹುಡುಕಿಕೊಡುವ ಯಂತ್ರವನ್ನೇ ತಂದು ಈ ದಿಬ್ಬದ ಮೇಲೆ ಆಡಿಸಿದರೂ ಅದು ಹುಡಿಯ ಚಿನ್ನಕ್ಕೆ ಓಗೊಡದು. ಪಾಳುಬಿದ್ದ ಸುರಂಗಗಳಿಗೆ ಇಳಿದು ಉಸಿರುಕಟ್ಟಿ ಸತ್ತವರು ನಮ್ಮಲ್ಲಿ ಉಂಟು. ಆದ್ದರಿಂದ ಸಾಲ ಮಾಡಿ ಯಂತ್ರ ಕೊಂಡು ಸಾಲ ತೀರಿಸುವ ಆಲೋಚನೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಇನ್ನು ಮುಂದಿನ ಮಾತು ಕುತೂಹಲಿಗಳಿಗೆ ಸೇರಿದ್ದು.

ಈ ಯಂತ್ರದ ಹುಟ್ಟಿಗೆ ಒಂದು ದುಃಖದ ಕಥೆ ಇದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಕೊಲೆಗಾರನೊಬ್ಬ ಗುಂಡು ಹೊಡೆದ. ಒಂದು ಗುಂಡು ಮೈಯೊಳಗೆ ಎಲ್ಲಿ ಕುಳಿತಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನಿನ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ ತಂತಿಯ ಸುರುಳಿಗಳನ್ನೂ ಟೆಲಿಫೋನನ್ನೂ ಜೋಡಿಸಿ, ಲೋಹದ ಬಳಿ ಬಂದರೆ ಸದ್ದುಮಾಡುವ ಉಪಕರಣವನ್ನು ಮಾಡಿಕೊಂಡು ಬಂದರು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗುಗಳು ಯಂತ್ರವನ್ನು ಗೊಂದಲಗೊಳಿಸಿದ್ದವೆಂದು ಹೇಳುತ್ತಾರೆ. ಗುಂಡು ಬಲಗಡೆಯೇ ಇದೆಯೆಂದು ನಂಬಿದ್ದ ವೈದ್ಯರು ಬೇರೆ ಕಡೆ ಹುಡುಕಲು ಬಿಡಲೂ ಇಲ್ಲ. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಯಂತ್ರ ಸರಿಯಾಗಿದ್ದರೂ ಸುತ್ತಲಿನ ಲೋಹ ಅದನ್ನು ದಾರಿತಪ್ಪಿಸಬಹುದು, ಹುಡುಕುವವನ ಪೂರ್ವನಿಶ್ಚಯವೂ ದಾರಿತಪ್ಪಿಸಬಹುದು ಎಂಬ ಎರಡು ಪಾಠಗಳು ಇಂದಿಗೂ ಹಳತಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ರೂಪಿಸಿದ ಶೋಧಕ ನೆಲಬಾಂಬುಗಳನ್ನು ಪತ್ತೆಮಾಡಲು ನೆರವಾಯಿತು. 1942ರಲ್ಲಿ ಎಲ್ ಅಲಮೀನ್ ಕದನದಲ್ಲಿ ಅದು ಬಳಕೆಯಾಯಿತು. ಯುದ್ಧ ಮುಗಿದ ಮೇಲೆ ಇಂಥ ಯಂತ್ರಗಳೇ ಹವ್ಯಾಸಿಗಳ ಕೈಗೆ ಬಂದವು.

ಇದರ ತತ್ತ್ವ ಸರಳವಾದದ್ದು. ಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ತನ್ನು ಹರಿಸಿದರೆ ಅದರ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರ ಏಳುತ್ತದೆ. ಅದು ನೆಲದೊಳಗಿನ ನಾಣ್ಯವನ್ನು ಮುಟ್ಟಿದಾಗ ನಾಣ್ಯದ ಮೈಯಲ್ಲಿ ನೀರಿನ ಸುಳಿಯಂತೆ ವಿದ್ಯುತ್ತು ಸುತ್ತತೊಡಗುತ್ತದೆ. ಆ ಸುಳಿಯಿಂದ ಹುಟ್ಟುವ ಕ್ಷೀಣವಾದ ಮತ್ತೊಂದು ಕಾಂತಕ್ಷೇತ್ರವನ್ನು ಯಂತ್ರ ಗ್ರಹಿಸಿ ಸದ್ದಾಗಿ ಕೇಳಿಸುತ್ತದೆ. ಹೋಗುವಾಗಲೂ ಮರಳುವಾಗಲೂ ಈ ಪ್ರಭಾವ ದೂರದೊಡನೆ ಬಹುಬೇಗ ಕುಗ್ಗುತ್ತದೆ. ನಾಣ್ಯ ಎರಡರಷ್ಟು ಆಳಕ್ಕೆ ಹೋದರೆ ಮರಳಿ ಬರುವ ಸದ್ದು ಸುಮಾರು 64ರಲ್ಲಿ ಒಂದು ಪಾಲಾಗುತ್ತದೆ. ಸಾಮಾನ್ಯ ಯಂತ್ರಗಳು ಒಂದು ನಾಣ್ಯವನ್ನು ಗೇಣಿನಷ್ಟು ಆಳದಲ್ಲಿ ಗುರುತಿಸುವುದೇ ಹೆಚ್ಚು. ಆಳುದ್ದದಲ್ಲಿರುವ ಒಂಟಿ ನಾಣ್ಯವನ್ನು ತೋರಿಸುತ್ತೇನೆ ಎನ್ನುವ ಜಾಹೀರಾತನ್ನು ಈ ಲೆಕ್ಕದಿಂದಲೇ ಅಳೆಯಬಹುದು.

ಯಂತ್ರಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ಹಳೆಯ ಕಾಲದ್ದು, ಅಗ್ಗವಾದದ್ದು. ರಾತ್ರಿಯ ಹೊತ್ತು ರೇಡಿಯೋದ ಮೀಡಿಯಂ ವೇವ್‌ನಲ್ಲಿ ಎರಡು ನಿಲಯಗಳು ಒಂದರ ಮೇಲೊಂದು ಬಿದ್ದಾಗ ಒಂದು ಸಿಳ್ಳು ಕೇಳುವುದಲ್ಲವೆ? ಇದರ ಕೆಲಸವೂ ಹಾಗೆಯೇ. ಎರಡು ಆಂದೋಲಕಗಳ ನಡುವಣ ವ್ಯತ್ಯಾಸವೇ ಇಲ್ಲಿ ಸಿಳ್ಳಾಗುತ್ತದೆ. ಲೋಹ ಹತ್ತಿರ ಬಂದರೆ ಸಿಳ್ಳಿನ ಶ್ರುತಿ ಬದಲಾಗುತ್ತದೆ. ವಿದ್ಯಾರ್ಥಿಗಳು ಕೈಯಾರೆ ಮಾಡಿ ಕಲಿಯಲು ಇದು ಚೆನ್ನು, ಹುಡುಕಾಟಕ್ಕೆ ಸಾಲದು. ಎರಡನೆಯದು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಕಡಿಮೆ ಆವರ್ತನದ ಯಂತ್ರ. ಇದರಲ್ಲಿ ಕಳಿಸುವ ಸುರುಳಿ ಬೇರೆ, ಕೇಳುವ ಸುರುಳಿ ಬೇರೆ. ಮರಳಿ ಬಂದ ಸಂಜ್ಞೆ ಎಷ್ಟು ತಡವಾಯಿತು ಎಂಬುದರಿಂದ ಲೋಹ ಯಾವ ಬಗೆಯದೆಂದು ಇದು ಊಹಿಸುತ್ತದೆ. ಮೂರನೆಯದು ಮಿಡಿತದ ಯಂತ್ರ. ವಿದ್ಯುತ್ತನ್ನು ತಟಕ್ಕನೆ ಬಿಟ್ಟು, ತಟಕ್ಕನೆ ನಿಲ್ಲಿಸಿ, ಆಮೇಲೆ ಉಳಿದ ಪ್ರತಿಧ್ವನಿಯನ್ನು ಕೇಳುತ್ತದೆ. ಕಬ್ಬಿಣಾಂಶ ತುಂಬಿದ ನೆಲದಲ್ಲಿ ಇದೇ ಆಳಕ್ಕೆ ಇಳಿಯಬಲ್ಲದು. ಆದರೆ ಚಿನ್ನಕ್ಕೂ ಮೊಳೆಗೂ ಭೇದ ಕಾಣುವುದರಲ್ಲಿ ಇದು ದುರ್ಬಲ. ಇದನ್ನು ನಂಬಿ ಹೊರಟವರು ಬೆಟ್ಟ ಅಗೆದು ಇಲಿ ಹಿಡಿಯಲು ಸಿದ್ಧರಾಗಿರಬೇಕು.

ಎರಡನೆಯ ಜಾತಿಯೊಳಗೆ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಆವರ್ತನ ಎಷ್ಟು ಎಂಬುದು. 5ರಿಂದ 7 ಕಿಲೋಹರ್ಟ್ಸ್‌ನಷ್ಟು ಕೆಳಗಿನದು ದೊಡ್ಡ ಬೆಳ್ಳಿ, ತಾಮ್ರದ ನಾಣ್ಯಗಳಿಗೆ ಒಳ್ಳೆಯದು. 20ಕ್ಕಿಂತ ಮೇಲಿನದು ಸಣ್ಣ ಚಿನ್ನದ ತುಣುಕುಗಳಿಗೆ ಸೂಕ್ಷ್ಮ. 10ರಿಂದ 15ರವರೆಗಿನದು ಎರಡಕ್ಕೂ ಮಧ್ಯಮ. ಹಲವು ಆವರ್ತನಗಳನ್ನು ಒಟ್ಟಿಗೆ ಕಳಿಸುವ ಯಂತ್ರಗಳೂ ಈಗ ಬಂದಿವೆ. ಬೆಲೆ ಹೆಚ್ಚು, ಅನುಕೂಲವೂ ಹೆಚ್ಚು. ಇದನ್ನು ನಮ್ಮ ನಾಣ್ಯಗಳಿಗೆ ಹೊಂದಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ 11.66 ಗ್ರಾಂ ತೂಕದ್ದು. ಟಿಪ್ಪು ಸುಲ್ತಾನನ ಆನೆಯ ಗುರುತಿನ ತಾಮ್ರದ ಕಾಸು ದಪ್ಪವಾದದ್ದು. ಇವೆರಡೂ ಯಾವ ಯಂತ್ರಕ್ಕಾದರೂ ಗಟ್ಟಿಯಾಗಿ ಉತ್ತರ ಕೊಡುತ್ತವೆ. ವಿಜಯನಗರದ ಚಿನ್ನದ ವರಹ ಸುಮಾರು 3.4 ಗ್ರಾಂ, ಅದೂ ಅಡ್ಡಿಯಿಲ್ಲ. ಆದರೆ ಕಂಠೀರವ ನರಸರಾಜ ಒಡೆಯರ ಹೆಸರಿನ ಕಂಠೀರಾಯಿ ಹಣ ಅರ್ಧ ಗ್ರಾಮಿಗೂ ಕಡಿಮೆ, ತೊಗರಿಬೇಳೆಯಷ್ಟು ಸಣ್ಣದು. ಕೆಳ ಆವರ್ತನದ ಯಂತ್ರ ಅದರ ಮೇಲೆ ಮೌನವಾಗಿ ದಾಟಿ ಹೋಗಬಹುದು.

ಇದಕ್ಕಿಂತ ತೊಡಕಾದದ್ದು ಲೋಹವನ್ನು ಬೇರ್ಪಡಿಸುವ ಗುಣ. ಯಂತ್ರದ ಪೆಟ್ಟಿಗೆ ಲೋಹಕ್ಕೆ ಒಂದು ಅಂಕಿಯನ್ನು ತೋರಿಸುತ್ತದೆ. ಕಬ್ಬಿಣ ಕೆಳಗೆ, ಬೆಳ್ಳಿ ಮೇಲೆ. ಸಣ್ಣ ಚಿನ್ನ, ಸೀಸ, ಅಲ್ಯೂಮಿನಿಯಮ್ ಕಾಗದ ಇವೆಲ್ಲ ನಡುವೆ ಗುಂಪಾಗಿ. ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದದ ಚೂರಿಗೂ ಚಿನ್ನದ ಹಣಕ್ಕೂ ಯಂತ್ರ ಒಂದೇ ಸ್ವರದಲ್ಲಿ ಕೂಗಬಹುದು. ಕಸ ಬೇಡವೆಂದು ಆ ಅಂಕಿಗಳನ್ನು ಮುಚ್ಚಿದರೆ ಚಿನ್ನವೂ ಹೋಯಿತು, ಸಾತವಾಹನರ ಸೀಸದ ನಾಣ್ಯವೂ ಹೋಯಿತು. ಕಬ್ಬಿಣವನ್ನು ಮುಚ್ಚಿದರೆ ಮೊಳೆಗಳ ಕಾಟ ತಪ್ಪುವುದು ನಿಜ. ಆದರೆ ಹಳೆಯ ವಸ್ತುಗಳನ್ನು ಹುಡುಕುವವನಿಗೆ ಮೊಳೆಗಳ ಗುಂಪೇ ಇಲ್ಲೊಂದು ಮನೆಯಿತ್ತೆಂದು ಹೇಳುವ ಸಾಕ್ಷಿ. ನಾಣ್ಯಕ್ಕಾಗಿ ಕೊಳ್ಳುವವನು ಲೋಹಗಳ ನಡುವಣ ಅಂತರವನ್ನು ಸೂಕ್ಷ್ಮವಾಗಿ ತೋರಿಸುವ ಯಂತ್ರವನ್ನೂ, ಹಳೆಯ ವಸ್ತುಗಳಿಗಾಗಿ ಕೊಳ್ಳುವವನು ಎಲ್ಲ ಲೋಹಕ್ಕೂ ಓಗೊಟ್ಟು ಆಳಕ್ಕಿಳಿಯುವ ಯಂತ್ರವನ್ನೂ ಬಯಸಬೇಕೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಸೀಮೆಯ ನೆಲ ಯಂತ್ರಕ್ಕೆ ಸುಲಭವಾದ ನೆಲವಲ್ಲ. ಕೆಂಪುಮಣ್ಣಿನಲ್ಲಿ ಕಬ್ಬಿಣಾಂಶವಿದೆ, ಕೋಲಾರದ ಶಿಲಾಪಟ್ಟಿಯಲ್ಲಿ ಕಬ್ಬಿಣದ ಪಟ್ಟೆಕಲ್ಲುಗಳೂ ಇವೆ. ಮಣ್ಣೇ ಲೋಹದಂತೆ ಗೊಣಗುತ್ತದೆ. ಸುರುಳಿಯನ್ನು ನೆಲದ ಮೇಲೆ ಎತ್ತಿ ಇಳಿಸಿ ಆ ಗೊಣಗನ್ನು ಅಡಗಿಸುವ ಏರ್ಪಾಡು, ಎಂದರೆ ನೆಲಕ್ಕೆ ತಕ್ಕಂತೆ ಕೈಯಿಂದ ಸರಿಹೊಂದಿಸುವ ಗುಂಡಿ, ಇರುವ ಯಂತ್ರವನ್ನೇ ಆರಿಸಬೇಕು. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ತು ಬಂದ ಊರು ನಮ್ಮದು. ತಂತಿಗಳ ಕೆಳಗೆ ಯಂತ್ರ ತನಗೆ ತಾನೇ ಹರಟುವುದೂ ಉಂಟು. ಇನ್ನು ಗಣಿಯ ಸುತ್ತಲಿನ ಮಣ್ಣಿನಲ್ಲಿ ತಂತಿಹಗ್ಗದ ಎಳೆ, ಹಳಿಯ ಮೊಳೆ, ಬೋಲ್ಟು, ಸೋಡಾ ಬಾಟಲಿಯ ಮುಚ್ಚಳ ಇವುಗಳಿಗೆ ಲೆಕ್ಕವಿಲ್ಲ. ಇಂಥ ಕಡೆ ಸಣ್ಣ ಸುರುಳಿಯೇ ಮೇಲು. ದೊಡ್ಡ ಸುರುಳಿ ಆಳಕ್ಕೆ ಹೋದರೂ ಹತ್ತು ವಸ್ತುಗಳ ಸದ್ದನ್ನು ಕಲಸಿಬಿಡುತ್ತದೆ.

ಕೊಳ್ಳುವ ಮುನ್ನ ಒಂದು ಸುಲಭ ಪರೀಕ್ಷೆ ಮಾಡಿ. ಒಂದು ಹಳೆಯ ಅಲ್ಯೂಮಿನಿಯಮ್ ಹತ್ತು ಪೈಸೆ, ಒಂದು ತಾಮ್ರದ ಕಾಸು, ಒಂದು ಬೆಳ್ಳಿಯ ಕಾಲುಂಗುರ, ಒಂದು ಮೊಳೆ ಇವನ್ನು ಹಿತ್ತಿಲಲ್ಲಿ ಬೇರೆ ಬೇರೆ ಆಳದಲ್ಲಿ ಹೂಳಿ ಯಂತ್ರವನ್ನು ಆಡಿಸಿ. ನನ್ನ ಹಿತ್ತಿಲಲ್ಲಿ ನಾನು ಇದನ್ನು ಮಾಡಿದ್ದೇನೆ. ಮೊಳೆಯ ಪಕ್ಕದಲ್ಲೇ ಹೂತ ಬೆಳ್ಳಿ ಕಾಣೆಯಾಗುವುದನ್ನು ಒಮ್ಮೆ ಕಿವಿಯಾರೆ ಕೇಳಿದವರಿಗೆ ಯಂತ್ರದ ಮಿತಿಯನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ. ದೂರದಿಂದಲೇ ಚಿನ್ನದ ದಿಕ್ಕು ತೋರಿಸುತ್ತೇವೆಂದು ಮಾರುವ ಕಡ್ಡಿಗಳಿಗೆ ಭೌತವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಅಕ್ಕಿ ಎಳೆಯುವ ತಾಮ್ರದ ಪಾತ್ರೆಯ ಮೋಸಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ.

ಯಂತ್ರವನ್ನು ಆರಿಸಿದ್ದಾಯಿತು. ಅದನ್ನು ಎಲ್ಲಿ ಆಡಿಸಬೇಕು? ನನ್ನ ದೃಷ್ಟಿಯಲ್ಲಿ ಆಯ್ಕೆಯ ತಿರುಳೇ ಇದು. ಗಂಗರ ಮೊದಲ ರಾಜಧಾನಿ ಕುವಲಾಲ ನಮ್ಮ ಕೋಲಾರ. ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ. ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಇಂಥ ನೆಲದಲ್ಲಿ ಯಂತ್ರ ಕೂಗುವುದು ಆಶ್ಚರ್ಯವಲ್ಲ. ಆದರೆ ನಾಣ್ಯಕ್ಕೆ ಅರ್ಥ ಬರುವುದು ಅದು ಮಲಗಿದ್ದ ಪದರದಿಂದ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿ ಸಾತವಾಹನರ ಕಾಲದ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ದೊರೆತವು. ರೋಮಿನ ಚಕ್ರವರ್ತಿಗಳ ಕಾಲ ನಿಶ್ಚಿತವಾಗಿ ಗೊತ್ತಿರುವುದರಿಂದ ಅದೇ ಪದರದ ಮಡಕೆಯ ಚೂರಿಗೂ ಒಂದು ಕಾಲ ದೊರೆಯಿತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ ಸಿಕ್ಕ 163 ರೋಮನ್ ನಾಣ್ಯಗಳು ಬೆಲೆಯಲ್ಲಿ ಕಡಿಮೆಯವಲ್ಲ. ಆದರೂ ಅವು ಯಾರ ಮನೆಯವು, ಯಾವ ಹಾದಿಯಲ್ಲಿ ಬಂದವು ಎಂದು ಹೇಳಬಲ್ಲ ಪದರ ಅವುಗಳ ಜೊತೆಗೆ ಬರಲಿಲ್ಲ.

ಇನ್ನು ಕೇಡನ್ನೇ ಮಾಡುವವರ ಮಾತು ಬೇರೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಯವರು ಒಡೆದುಹಾಕಿದರು. ಒಬ್ಬ ಸಂನ್ಯಾಸಿಯ ಸಮಾಧಿಯಲ್ಲಿ ಹೊನ್ನು ಹುಡುಕುವ ಬುದ್ಧಿಗೆ ಯಾವ ಯಂತ್ರ ಕೊಟ್ಟರೂ ಅದು ಹಾರೆಯೇ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ಕಾನೂನೇ ವಿಧಿಸಿತ್ತು. ಕರ್ನಾಟಕಕ್ಕೆ 1962ರದೇ ಆದ ನಿಧಿ ಕಾನೂನು ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕಾನೂನಿನಂತೆ ಅಪರಾಧ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪ್ರಾಚೀನ ವಸ್ತು. ಇಂಗ್ಲೆಂಡಿನಲ್ಲಿ 2009ರಲ್ಲಿ ಹವ್ಯಾಸಿಯೊಬ್ಬರು ಸ್ಟಾಫರ್ಡ್‌ಷೈರ್‌ನ ಹೊಲವೊಂದರಲ್ಲಿ ಆಂಗ್ಲೋಸ್ಯಾಕ್ಸನ್ ಕಾಲದ ಚಿನ್ನದ ದೊಡ್ಡ ನಿಧಿಯನ್ನು ಕಂಡರು. ಅವರು ಅಧಿಕಾರಿಗಳಿಗೆ ತಿಳಿಸಿದರು. ಪುರಾತತ್ತ್ವಜ್ಞರು ಬಂದು ಹೊಲವನ್ನು ಕ್ರಮವಾಗಿ ಅಗೆದರು. ಬಹುಮಾನ ಕಂಡವರಿಗೂ ಹೊಲದ ಒಡೆಯರಿಗೂ ಹಂಚಿಕೆಯಾಯಿತು. ಯಂತ್ರ ಒಂದೇ, ನಡತೆ ಬೇರೆ.

ಆದ್ದರಿಂದ ನನ್ನನ್ನು ಕೇಳುವವರಿಗೆ ನಾನು ಕೊಡುವ ಸಲಹೆ ಇಷ್ಟು. ಹಿತ್ತಿಲಲ್ಲಿ ಕಳೆದ ಉಂಗುರಕ್ಕೂ ಸ್ವಂತ ಹೊಲದ ಕುತೂಹಲಕ್ಕೂ ನೆಲಕ್ಕೆ ಹೊಂದಿಸಬಲ್ಲ, ಮಧ್ಯಮ ಆವರ್ತನದ, ಸಣ್ಣ ಸುರುಳಿಯ ಸಾಧಾರಣ ಯಂತ್ರ ಸಾಕು. ಹೆಚ್ಚು ಬೆಲೆಯದಕ್ಕೆ ಕೈಹಾಕುವ ಮೊದಲು ಅದನ್ನೇ ಆರು ತಿಂಗಳು ಕಿವಿಗೊಟ್ಟು ಕಲಿಯಿರಿ. ಬೇರೆಯವರ ನೆಲಕ್ಕೆ ಅವರ ಒಪ್ಪಿಗೆಯಿಲ್ಲದೆ ಕಾಲಿಡಬೇಡಿ. ಗುಡಿ, ಕೋಟೆ, ಸಮಾಧಿ, ಪಾಳುಗಣಿಗಳ ಹತ್ತಿರ ಸುಳಿಯಲೇಬೇಡಿ. ಹಳೆಯದೆಂದು ತೋರುವ ವಸ್ತು ಕಂಡರೆ ಗುದ್ದಲಿಯನ್ನು ನಿಲ್ಲಿಸಿ, ಜಾಗವನ್ನು ಗುರುತುಹಾಕಿ, ತಹಸೀಲ್ದಾರರಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಿ. ಗೇಣುದ್ದ ಮಣ್ಣಿನ ಕೆಳಗೆ ಲೋಹವಿದೆಯೆಂದು ಹೇಳುವಷ್ಟಕ್ಕೆ ಯಂತ್ರದ ಕೆಲಸ ಮುಗಿಯುತ್ತದೆ. ಅದು ಯಾರದು, ಎಂದಿನದು ಎಂದು ತಿಳಿಯುವ ಕೆಲಸಕ್ಕೆ ಆ ಮಣ್ಣು ಕದಡದೆ ಉಳಿದಿರಬೇಕು.