ಒಂದು ಹನಿ ರಕ್ತದ ಲೆಕ್ಕ

ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯಂಥ ಊರಿನಲ್ಲಿ, ಬಾಣಂತಿಯ ಮಗ್ಗುಲಲ್ಲಿ ಮಲಗಿರುವ ಮೂರು ದಿನದ ಶಿಶುವಿನ ರಕ್ತವನ್ನು ಪರೀಕ್ಷೆಗೆ ತೆಗೆಯಬೇಕೆಂದರೆ ಅಜ್ಜಿ ಸುಮ್ಮನಿರುವಳೇ? "ಹಾಲು ಕುಡಿಯೋ ಕೂಸು, ಅದರ ಮೈಯಾಗ ರಕ್ತಾನಾದ್ರೂ ಎಷ್ಟ ಇದ್ದೀತ್ರಿ?" ಎಂದು ಕೇಳಿಯೇ ಕೇಳುತ್ತಾಳೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇದು ಶುದ್ಧ ವೈಜ್ಞಾನಿಕ ಪ್ರಶ್ನೆಯಾಗಿಯೇ ತೋರುತ್ತದೆ: ಇರುವುದೆಷ್ಟು, ತೆಗೆಯುವುದೆಷ್ಟು?

ನವಜಾತ ಶಿಶುವಿನಲ್ಲಿ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. 3 ಕಿಲೋಗ್ರಾಂ ತೂಗುವ ಶಿಶುವಿನಲ್ಲಿರುವುದು 240 ಮಿ.ಲೀ.; ಒಂದು ದೊಡ್ಡ ಲೋಟದಷ್ಟು. ಪ್ರಾಯದವರಲ್ಲಿ ಸುಮಾರು 5 ಲೀಟರ್. ಆದುದರಿಂದ 5 ಮಿ.ಲೀ. ತೆಗೆದರೆ ದೊಡ್ಡವರಿಗೆ ಅದು ಸಾವಿರದಲ್ಲೊಂದು ಪಾಲು; ಶಿಶುವಿಗೆ ಸುಮಾರು ಐವತ್ತರಲ್ಲೊಂದು. ತಿಂಗಳು ತುಂಬದೆ ಹುಟ್ಟಿದ ಕೂಸಿನಿಂದ ಪದೇ ಪದೇ ರಕ್ತ ತೆಗೆದರೆ, ಪರೀಕ್ಷೆಯೇ ರಕ್ತಹೀನತೆಗೆ ಕಾರಣವಾಗಬಲ್ಲದು.

ಹಾಗಾದರೆ ತೆಗೆಯುವುದೇಕೆ? ಕೆಲವು ಶಿಶುಗಳಲ್ಲಿ ಥೈರಾಯ್ಡ್ ಗ್ರಂಥಿಯು ಹುಟ್ಟಿನಿಂದಲೇ ಸರಿಯಾಗಿ ಕೆಲಸಮಾಡುವುದಿಲ್ಲ. ನೋಡಲು ಕೂಸು ಆರೋಗ್ಯವಾಗಿಯೇ ಇರುತ್ತದೆ. ಹೊರಗೆ ಲಕ್ಷಣಗಳು ಕಾಣುವ ವೇಳೆಗೆ ಮಿದುಳಿಗೆ ಹಾನಿಯಾಗಿರುತ್ತದೆ. ಮೊದಲ ಎರಡು ವಾರಗಳಲ್ಲಿ ಪತ್ತೆಹಚ್ಚಿ ದಿನವೂ ಥೈರಾಕ್ಸಿನ್ ಕೊಡುತ್ತ ಬಂದರೆ ಆ ಮಗು ಇತರ ಮಕ್ಕಳಂತೆಯೇ ಬೆಳೆದು ಶಾಲೆಗೆ ಹೋಗುತ್ತದೆ. ಒಂದು ಬಾಳಿನ ಬುದ್ಧಿಯೇ ಇಲ್ಲಿ ಪಣ.

ಅಲ್ಪ ರಕ್ತದಲ್ಲಿ ಇಂಥ ಪತ್ತೆ ಸಾಧ್ಯವೆಂದು ತೋರಿಸಿದವರು ಅಮೆರಿಕದ ರಾಬರ್ಟ್ ಗುತ್ರೀ. ಅವರ ಸ್ವಂತ ಮಗನ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗಿತ್ತು. 1960ರ ದಶಕದ ಆರಂಭದಲ್ಲಿ ಅವರು, ಫೀನೈಲ್‌ಕೀಟೋನೂರಿಯ ಎಂಬ ಆನುವಂಶಿಕ ರೋಗವನ್ನು ಕಂಡುಹಿಡಿಯಲು, ಸೋಸುಕಾಗದದ ಮೇಲೆ ಒಣಗಿಸಿದ ರಕ್ತದ ಹನಿಯೇ ಸಾಕೆಂದು ತೋರಿಸಿದರು. ನಮ್ಮ ನಾಡಿನಲ್ಲಿ 1980ರಲ್ಲಿ ಬೆಂಗಳೂರಿನಲ್ಲಿ ನವಜಾತ ಶಿಶುಗಳ ಇಂಥ ಪರೀಕ್ಷೆ ಆರಂಭವಾಯಿತು; ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಆ ಕಾರ್ಯದ ಪ್ರಮುಖರಲ್ಲಿ ಒಬ್ಬರು. ಲಕ್ಷದಷ್ಟು ಶಿಶುಗಳ ರಕ್ತವನ್ನು ಅಲ್ಲಿ ಪರೀಕ್ಷಿಸಲಾಯಿತು.

ಹನಿಯನ್ನು ತೆಗೆಯುವುದು ಹಿಮ್ಮಡಿಯಿಂದ. ಅದೂ ಪಕ್ಕದ ಅಂಚಿನಿಂದ. ನಡುವೆ ಚುಚ್ಚಿದರೆ ಎಲುಬಿಗೆ ತಾಗುವ ಭಯವುಂಟು. ಚುಚ್ಚುವ ಆಳ ಸುಮಾರು 2 ಮಿಲಿಮೀಟರನ್ನು ಮೀರಬಾರದು. ಆರು ತಿಂಗಳು ಕಳೆದು ಮೈತುಂಬಿದ ಮಕ್ಕಳಿಗಾದರೆ ಬೆರಳ ತುದಿ. ಮೊದಲು ಪಾದವನ್ನು ಬೆಚ್ಚಗೆ ಮಾಡುತ್ತಾರೆ. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ. ಪಾದವನ್ನು ತಗ್ಗಿಸಿ ಹಿಡಿದರೆ ಗುರುತ್ವವೂ ನೆರವಾಗುತ್ತದೆ. ಮೊದಲ ಹನಿಯನ್ನು ಒರೆಸಿಬಿಡಬೇಕು. ಬಲವಾಗಿ ಹಿಂಡಿದರೆ ಕೆಂಪು ಕಣಗಳು ಒಡೆಯುತ್ತವೆ, ಅಂಗಾಂಶದ ನೀರು ಬೆರೆಯುತ್ತದೆ, ಪರೀಕ್ಷೆಯ ಫಲ ಸುಳ್ಳಾಗುತ್ತದೆ. ಆಗ ತಾಯಿ ಎದೆಹಾಲು ಕುಡಿಸುತ್ತಿದ್ದರೆ ಕೂಸಿಗೆ ನೋವು ಕಡಿಮೆ.

ಮುಂದಿನ ಕೆಲಸವೆಲ್ಲ ಲೋಮನಾಳ ಕ್ರಿಯೆಯದು. ದೀಪದ ಬತ್ತಿ ಎಣ್ಣೆಯನ್ನು ಏರಿಸುವುದು, ಶಿರಗುಪ್ಪಿಯ ಸುತ್ತಲಿನ ಎರೆಭೂಮಿಯ ಸಂದುಗಳಲ್ಲಿ ತೇವ ಮೇಲೇರುವುದು ಇದರಿಂದಲೇ. ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹೊಡೆದಾಗ ಕಳೆ ಸಾಯುವುದಲ್ಲದೆ ಈ ಸೂಕ್ಷ್ಮ ದಾರಿಗಳೂ ಕಡಿದು ತೇವ ಉಳಿಯುತ್ತದೆ. 1 ಮಿಲಿಮೀಟರ್ ವ್ಯಾಸದ ಗಾಜಿನ ನಳಿಗೆಯನ್ನು ರಕ್ತದಲ್ಲಿ ನೆಟ್ಟಗೆ ಹಿಡಿದರೆ, ಮೇಲ್ಮೈ ಎಳೆತದಿಂದ ಅದು ಸುಮಾರು 2 ಸೆಂಟಿಮೀಟರ್ ಏರುತ್ತದೆ. ಅಡ್ಡಲಾಗಿ ಹಿಡಿಯಿರಿ: ಎದುರಿಸಲು ಗುರುತ್ವವಿಲ್ಲ, ನಳಿಗೆಯುದ್ದಕ್ಕೂ ರಕ್ತ ಹರಿಯುತ್ತದೆ! ಪಿಚಕಾರಿ ಬೇಕಿಲ್ಲ. ಸೋಸುಕಾಗದದ ಎಳೆಗಳ ನಡುವಿನ ಸಂದುಗಳೂ ಇಂಥ ನಳಿಗೆಗಳೇ. ಒಂದೇ ದೊಡ್ಡ ಹನಿಯನ್ನು ಒಂದೇ ಬದಿಯಿಂದ ತಾಗಿಸಿದರೆ ರಕ್ತ ಸಮನಾಗಿ ಹರಡುತ್ತದೆ. ಆಗ 3 ಮಿಲಿಮೀಟರ್ ಅಗಲದ ಬಿಲ್ಲೆಯನ್ನು ಕತ್ತರಿಸಿದರೆ ಅದರಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತವಿದೆಯೆಂದು ನಂಬಬಹುದು. ಹನಿಯ ಮೇಲೆ ಹನಿ ಹಾಕಿದರೆ ಈ ಲೆಕ್ಕ ಕೆಡುತ್ತದೆ.

ಎಲ್ಲ ಪರೀಕ್ಷೆಗೂ ಹನಿ ಸಾಲದು. ರಕ್ತದಲ್ಲಿ ರೋಗಾಣು ಹುಡುಕುವಾಗ ಅಭಿಧಮನಿಯಿಂದಲೇ ತೆಗೆಯಬೇಕಾಗುತ್ತದೆ.

ಇನ್ನು ಅಜ್ಜಿಗೆ ಉತ್ತರ. ಕಾಗದದ ಒಂದೊಂದು ವೃತ್ತಕ್ಕೆ ಸುಮಾರು 75 ಮೈಕ್ರೋಲೀಟರ್. ನಾಲ್ಕು ತುಂಬಿದರೂ 0.3 ಮಿ.ಲೀ. ಅಂದರೆ ಕೂಸಿನ ರಕ್ತದ ಎಂಟುನೂರರಲ್ಲೊಂದು ಪಾಲು: ಅಜ್ಜಿಯೇ ತನ್ನ ತೋಳಿನಿಂದ 6 ಮಿ.ಲೀ. ಕೊಟ್ಟಂತೆ. ಈ ಲೆಕ್ಕವನ್ನು ಮನೆಯವರಿಗೆ ತಿಳಿಯಹೇಳುವ ಕೆಲಸ, ಓದುಗರೇ, ನಿಮ್ಮದು.