ರಜೆ ಮುಗಿದಾಗ ಎಲ್ಲ ಮಕ್ಕಳೂ ಶಾಲೆಗೆ ಮರಳಲಿ



ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಒಂಬತ್ತನೇ ತರಗತಿವರೆಗಿನ ಫಲಿತಾಂಶ ಹೇಳಿ ಶಾಲೆಗಳಿಗೆ ರಜೆ ಕೊಡುತ್ತಾರೆ. ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಹತ್ತನೇ ತರಗತಿಯ ಮಕ್ಕಳಿಗಂತೂ ಪರೀಕ್ಷೆ ಮುಗಿದ ದಿನದಿಂದ ಕಾಲೇಜು ಸೇರುವವರೆಗೆ ಇನ್ನೂ ಉದ್ದದ ಬಿಡುವು. ಮಕ್ಕಳಿಗೆ ಇದು ಖುಷಿಯ ಕಾಲ, ತಾಯಂದಿರಿಗೆ ಚಿಂತೆಯ ಕಾಲ. ನಾವು ಬೆಳಿಗ್ಗೆ ಮನೆಕೆಲಸಕ್ಕೋ ಗಾರ್ಮೆಂಟ್ಸ್‌ಗೋ ತೋಟದ ಕೂಲಿಗೋ ಹೊರಟರೆ, ಸಂಜೆವರೆಗೆ ಮಕ್ಕಳು ಎಲ್ಲಿರುತ್ತಾರೆ? ಏನು ತಿನ್ನುತ್ತಾರೆ? ಯಾರ ಜೊತೆ ಹೋಗುತ್ತಾರೆ?

ಶಾಲೆ ಬಿಟ್ಟ ಮಕ್ಕಳ ಮನೆಗೆ ಹೋಗಿ ವಿಚಾರಿಸಿದರೆ ಎಷ್ಟೋ ಕಡೆ ಕೇಳುವ ಉತ್ತರ ಒಂದೇ: "ರಜೆಯಲ್ಲಿ ಕೆಲಸಕ್ಕೆ ಹೋದ, ಆಮೇಲೆ ಶಾಲೆಗೆ ಹೋಗ್ಲೇ ಇಲ್ಲ." ಆದ್ದರಿಂದ ಈ ಬೇಸಿಗೆಯಲ್ಲಿ ನಮ್ಮ ಗುರಿ ಎರಡು. ಮಗು ಆರೋಗ್ಯವಾಗಿರಬೇಕು, ರಜೆ ಮುಗಿದ ದಿನ ಮತ್ತೆ ಶಾಲೆಯಲ್ಲಿರಬೇಕು.

ಬಿಸಿಯೂಟ ನಿಂತಾಗ

ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವಿದೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂದಿದೆ, ಜೊತೆಗೆ ಮೊಟ್ಟೆ ಅಥವಾ ಬಾಳೆಹಣ್ಣೂ ಸಿಗುತ್ತದೆ. ರಜೆಯಲ್ಲಿ ಸಾಮಾನ್ಯವಾಗಿ ಇದೆಲ್ಲ ನಿಲ್ಲುತ್ತದೆ. ಆಗ ಮಗು ಬೆಳಗಿನ ಚಿತ್ರಾನ್ನ ತಿಂದು, ಮಧ್ಯಾಹ್ನ ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್‌ನಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಆ ಹಣಕ್ಕೆ ಒಂದು ಮೊಟ್ಟೆಯೋ ಎರಡು ಬಾಳೆಹಣ್ಣೋ ಒಂದು ಹಿಡಿ ಶೇಂಗಾವೋ ಬರುತ್ತದೆ. ಕೆಲಸಕ್ಕೆ ಹೊರಡುವ ಮುಂಚೆ ರಾಗಿ ಅಂಬಲಿ ಕಾಸಿ ಆರಿಸಿ ಮಜ್ಜಿಗೆ ಬೆರೆಸಿಡಿ. ನೆನೆಸಿದ ಹೆಸರುಕಾಳಿಗೆ ಬೆಲ್ಲ, ಕಾಯಿತುರಿ ಹಾಕಿದರೆ ಮಕ್ಕಳು ಬೇಡ ಅನ್ನುವುದಿಲ್ಲ. ಬಣ್ಣದ ಐಸ್ ಕ್ಯಾಂಡಿ, ಬಾಟಲಿ ಜ್ಯೂಸಿನ ಬದಲು ಮುರುಗಲು ಶರಬತ್ತು, ನಿಂಬೆ ಪಾನಕ, ಹೆಸರುಕಾಳಿನ ಪಾನಕ ಮಾಡಿಕೊಡಿ. ಕುಡಿಯುವ ನೀರು ಕಾಯಿಸಿ ಆರಿಸಿದ್ದಿರಲಿ.

ಬಿಸಿಲು ಮತ್ತು ಭೇದಿ

ಹನ್ನೆರಡರಿಂದ ಮೂರು ಗಂಟೆವರೆಗೆ ಮಕ್ಕಳು ನೆರಳಲ್ಲಿರಲಿ. ಆಟ ಬೆಳಿಗ್ಗೆ, ಸಂಜೆ ಆಡಲಿ. ಭೇದಿಯಾದರೆ ಮೊದಲ ದಿನದಿಂದಲೇ ಓಆರ್‌ಎಸ್ ಕುಡಿಸಿ. ಆಶಾ ಕಾರ್ಯಕರ್ತೆಯ ಹತ್ತಿರ ಪೊಟ್ಟಣ ಕೇಳಿ. ಅದು ಕೈಗೆ ಸಿಗುವವರೆಗೆ ಮನೆಯಲ್ಲೇ ಮಾಡಿಕೊಳ್ಳಬಹುದು: ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಭೇದಿ ಅಂತ ಊಟ ನಿಲ್ಲಿಸಬೇಡಿ. ಮೈ ಕೆಂಡದಂತೆ ಸುಡುತ್ತಿದ್ದು ಮಗು ಏನೇನೋ ಮಾತಾಡಿದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಆಘಾತ. ಮಗುವನ್ನು ನೆರಳಿಗೆ ತಂದು ಮೈಗೆ ತಣ್ಣೀರು ಹಾಕಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಹೊಳೆ ಮತ್ತು ನಾಲೆ

ಶಿವಮೊಗ್ಗದ ಮಧ್ಯೆ ತುಂಗಾ ನಾಲೆ ಹರಿಯುತ್ತದೆ. ಭದ್ರಾವತಿಯ ಓಲ್ಡ್ ಟೌನಿಗೂ ನ್ಯೂ ಟೌನಿಗೂ ನಡುವೆ ಭದ್ರಾ ಹೊಳೆಯಿದೆ, ಸುತ್ತಲಿನ ಹಳ್ಳಿಗಳಲ್ಲಿ ಭದ್ರಾ ನಾಲೆಯಿದೆ. ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ನಾಲೆ ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಜೋರು. ಇಳಿಜಾರಿನ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲು ಆಗುವುದಿಲ್ಲ. ದೊಡ್ಡವರಿಲ್ಲದೆ ನೀರಿಗೆ ಇಳಿಯಬಾರದು ಎಂದು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ. ಬಟ್ಟೆ ಒಗೆಯಲು ಹೋಗುವಾಗ ಚಿಕ್ಕ ಮಕ್ಕಳ ಮೇಲೆ ಕಣ್ಣಿರಲಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಿಂದೆ ಹಾರಬಾರದು. ಸೀರೆ, ಹಗ್ಗ ಅಥವಾ ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆದು ಜನರನ್ನು ಕೂಗಿ ಕರೆಯಬೇಕು. ಇದನ್ನೂ ಮಕ್ಕಳಿಗೆ ಕಲಿಸಿ.

ಕಾಡಂಚಿನ ಅಜ್ಜಿಮನೆ

ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದ ಕಡೆ ನೆಂಟರ ಮನೆಗೆ ಕಳಿಸುವವರು ಮಂಗನ ಕಾಯಿಲೆ ಮರೆಯಬೇಡಿ. ಈ ರೋಗವನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚುವುದರಿಂದ ಬರುವ ಈ ಜ್ವರ ಚಳಿಗಾಲದಿಂದ ಮೇವರೆಗೆ ಹೆಚ್ಚು. ಮಕ್ಕಳು ದರಗು, ಸೌದೆಗೆಂದು ಕಾಡಿಗೆ ಹೋಗುವುದು ಬೇಡ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಇರಲಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಊರಿಂದ ಬಂದ ಮೇಲೆ ಜ್ವರ ಬಂದರೆ ಕಾಡಿನ ಕಡೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

"ನಾಲ್ಕು ಕಾಸು ದುಡಿದು ಬರ್ಲಿ ಸಿಸ್ಟರ್"

ಈ ಮಾತು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇವೆ. ಮನೆಯ ಕಷ್ಟ ಗೊತ್ತಿಲ್ಲದೆ ಇಲ್ಲ. ಆದರೆ ಗ್ಯಾರೇಜಿಗೋ ಹೋಟೆಲಿಗೋ ಮದುವೆ ಛತ್ರದಲ್ಲಿ ಬಡಿಸಲಿಕ್ಕೋ ಹೋದ ಹುಡುಗನ ಕೈಗೆ ದಿನಾ ದುಡ್ಡು ಬಂದರೆ ಜೂನ್‌ನಲ್ಲಿ ಪುಸ್ತಕ ರುಚಿಸುವುದಿಲ್ಲ. 2016ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಯಾರೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಎಂಪಿಎಂ ಉತ್ಪಾದನೆ 2015ರಲ್ಲಿ ನಿಂತಿತು. ಓದು ಅರ್ಧಕ್ಕೆ ಬಿಟ್ಟರೂ ಫ್ಯಾಕ್ಟರಿ ಕೈ ಹಿಡಿಯುತ್ತದೆ ಅನ್ನುವ ಕಾಲ ಹೋಯಿತು. ಡಿಪ್ಲೊಮಾಗೋ ಪಿಯುಸಿಗೋ ಹೋಗಲು ಎಸ್ಸೆಸ್ಸೆಲ್ಸಿ ಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಅಪಾಯ. ಬೇಸಿಗೆ ಮದುವೆಯ ಕಾಲ. "ಹುಡುಗ ಒಳ್ಳೆಯವನು, ಆಮೇಲೆ ಓದಿಸ್ತಾನಂತೆ" ಅಂತ ನೆಂಟರು ಬರುತ್ತಾರೆ. 18 ತುಂಬದ ಹುಡುಗಿಯ ಮದುವೆ ಅಪರಾಧ. ಇಂಥದ್ದು ಕಂಡರೆ 1098ಕ್ಕೆ ಫೋನ್ ಮಾಡಿ.

ಫಲಿತಾಂಶದ ದಿನ

ಅಂಕ ಕಡಿಮೆ ಬಂದ ಮಗು ಮೊದಲು ಹೆದರುವುದು ಅಪ್ಪ ಅಮ್ಮನ ಮುಖ ನೋಡಲು. ಆ ದಿನ ಒಬ್ಬರಾದರೂ ಮನೆಯಲ್ಲಿರಿ. ಪಕ್ಕದ ಮನೆಯ ಹುಡುಗಿಯ ಜೊತೆ ಹೋಲಿಸಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ 2024ರಿಂದ ಪರೀಕ್ಷೆ-1 ಆದ ಕೆಲವೇ ವಾರಗಳಲ್ಲಿ ಪರೀಕ್ಷೆ-2 ಇದೆ, ಹೋದ ವಿಷಯವನ್ನು ಮತ್ತೆ ಬರೆಯಬಹುದು. ಅರ್ಜಿಯ ಕೊನೆಯ ದಿನಾಂಕವನ್ನು ಮುಖ್ಯೋಪಾಧ್ಯಾಯರ ಹತ್ತಿರ ಕೂಡಲೇ ಕೇಳಿ. ಮಗು ಊಟ ಬಿಟ್ಟು, ಮಾತು ಬಿಟ್ಟು, ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ.

ಸಂಘ ಮಾಡಬಹುದಾದ್ದು

1. ಈ ವಾರದ ಸಭೆಯಲ್ಲೇ ಎಲ್ಲ ಸದಸ್ಯರ ಮಕ್ಕಳ ಹೆಸರು, ಮುಂದಿನ ತರಗತಿ, ಶಾಲೆ ಬರೆದಿಡಿ.

2. ಹತ್ತು ಮನೆಗೆ ಒಬ್ಬರಂತೆ ಸರದಿ ಮೇಲೆ ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸಿ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

3. ಏಳನೇ ತರಗತಿ ಮುಗಿಸಿ ಶಾಲೆ ಬದಲಿಸುವ ಮಕ್ಕಳ ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ. 14 ವರ್ಷದವರೆಗಿನ ಮಗುವಿಗೆ ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ.

4. ಜೂನ್ ಖರ್ಚಿಗೆ ಇಂದಿನಿಂದಲೇ ವಾರಕ್ಕೆ ಇಪ್ಪತ್ತು ರೂಪಾಯಿ ಬೇರೆ ಉಳಿಸಿ. ಸಾಲದಿದ್ದರೆ ಸಂಘದಲ್ಲೇ ಸಾಲ ಪಡೆಯಿರಿ, ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಡಿ.

5. ಶಾಲೆ ತೆರೆದ ಮೊದಲ ವಾರದ ಸಭೆಯಲ್ಲಿ ಅದೇ ಪಟ್ಟಿ ಓದಿ. ಹೋಗದ ಮಗುವಿದ್ದರೆ ಇಬ್ಬರು ಸದಸ್ಯೆಯರು ಅಂದೇ ಆ ಮನೆಗೆ ಹೋಗಲಿ. ತಡಮಾಡಿದಷ್ಟೂ ಮಗುವನ್ನು ಮರಳಿ ಕರೆತರುವುದು ಕಷ್ಟ.