ಬೆಳ್ಳಿತೆರೆಯಿಂದ ಬೀದಿಗೆ ಬಂದ ಉಡಿಗೆ

ಉಡಿಗೆತೊಡಿಗೆಗಳ ವಿಷಯದಲ್ಲಿ ಹಿಂದೆ ಸಾಮಾನ್ಯ ಜನರಿಗೆ ಮೇಲ್ಪಂಕ್ತಿಯಾಗಿದ್ದವರು ಅರಮನೆಯವರು, ಅಧಿಕಾರಿಗಳು, ಊರಿನ ಸಿರಿವಂತರು. ಚಲಚ್ಚಿತ್ರ ಬಂದಮೇಲೆ ಆ ಸ್ಥಾನವು ಬಹುಮಟ್ಟಿಗೆ ನಟನಟಿಯರ ಪಾಲಾಯಿತು. ಅರಸಿಯ ಪೀತಾಂಬರವನ್ನು ಮೆರವಣಿಗೆಯಲ್ಲಿ ದೂರದಿಂದ ಕಾಣಬಹುದಾಗಿತ್ತೇ ಹೊರತು ಅದರ ಹೊಲಿಗೆಯನ್ನು ಪರೀಕ್ಷಿಸುವಂತಿರಲಿಲ್ಲ. ತೆರೆಯ ಮೇಲಾದರೋ ನಾಯಿಕೆಯ ಮುಖವು ಗೋಡೆಯಷ್ಟಗಲವಾಗಿ ಮೂಡುತ್ತದೆ. ಕಡಮೆ ದರದ ಟಿಕೀಟು ಕೊಂಡವರೂ ಅದನ್ನು ಕಣ್ತುಂಬ ನೋಡಬಹುದು. ಸಾಲದೆ ಹೋದರೆ ಮರುದಿನ ಮತ್ತೆ ಹೋಗಿ ನೋಡಬಹುದು.

ಹೀಗೆ ಹಬ್ಬಿದ ವಾಡಿಕೆಗಳ ಮೂಲವು ಅನೇಕ ವೇಳೆ ಅಲ್ಪವಾದುದು. 1960ರಲ್ಲಿ ತೆರೆಕಂಡ ‘ಲವ್ ಇನ್ ಸಿಮ್ಲಾ’ ಎಂಬ ಹಿಂದೀ ಚಿತ್ರದ ನಿರ್ದೇಶಕರಾದ ಆರ್. ಕೆ. ನಯ್ಯರ್ ಅವರಿಗೆ, ನಾಯಿಕೆ ಸಾಧನಾ ಅವರ ಹಣೆ ತುಸು ಅಗಲವೆಂದು ತೋರಿತು. ಹಾಲಿವುಡ್ಡಿನ ನಟಿ ಆಡ್ರೆ ಹೆಪ್‌ಬರ್ನ್ ಅವರ ಮಾದರಿಯಲ್ಲಿ ಮುಂಗೂದಲನ್ನು ಕತ್ತರಿಸಿ ಹಣೆಯ ಮೇಲೆ ಇಳಿಬಿಡಿಸಿದರು. ಒಂದು ಕುಂದನ್ನು ಮರೆಸಲು ಮಾಡಿದ ಉಪಾಯವು (ಅದು ಕುಂದೆಂಬುದನ್ನು ನಾವೇನೋ ಒಪ್ಪುವುದಿಲ್ಲ) ‘ಸಾಧನಾ ಕಟ್’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಕಿರಿದಾದ ಹಣೆಯವರೂ ತಮ್ಮ ಹಣೆಯನ್ನು ಮುಚ್ಚಿಕೊಂಡರು! 1965ರ ‘ವಕ್ತ್’ ಚಿತ್ರದಲ್ಲಿ ಆಕೆ ತೊಟ್ಟ ಬಿಗಿಯಾದ ಕುರ್ತಾ ಮತ್ತು ಚೂಡಿದಾರಗಳೂ ಹಾಗೆಯೇ ಜನಪ್ರಿಯವಾದವು. ಅವನ್ನು ರೂಪಿಸಿದ ಭಾನು ಅಥೈಯಾ ಅವರು ಮುಂದೆ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ ಆಸ್ಕರ್ ಪಡೆದರು. ಚೂಡಿದಾರ ಹೊಸತಲ್ಲ, ಕುರ್ತಾ ಹೊಸತಲ್ಲ. ಹೊಸತಾದುದು ಕತ್ತರಿಯ ಓಟ ಮಾತ್ರ.

ಇಲ್ಲಿಯೇ ಈ ಪ್ರಭಾವದ ಗುಟ್ಟು ಅಡಗಿದೆಯೆಂದು ನಮಗೆ ತೋರುತ್ತದೆ. ತೆರೆಯ ಮೇಲೆ ಕಂಡ ವಜ್ರದ ಹಾರ ಹಬ್ಬಲಾರದು. ಕೇರಿಯ ದರ್ಜಿಯೂ ಕ್ಷೌರಿಕನೂ ಮಾಡಿಕೊಡಬಲ್ಲಂಥದು ಹಬ್ಬುತ್ತದೆ. ನಟಿಯನ್ನು ಹೊಗಳುವಾಗ ಅವರನ್ನು ಮರೆಯುವುದು ನ್ಯಾಯವಲ್ಲ.

ಗಂಡಸರು ಇದಕ್ಕೆ ಹೊರತೆಂದು ಯಾರೂ ಬೀಗಬೇಕಾಗಿಲ್ಲ. 1934ರ ಚಿತ್ರವೊಂದರಲ್ಲಿ ಕ್ಲಾರ್ಕ್ ಗೇಬಲ್ ಅಂಗಿಯ ಒಳಗೆ ಬನಿಯನ್ನು ತೊಡದೆ ಕಾಣಿಸಿಕೊಂಡುದರಿಂದ ಅಮೆರಿಕದ ಬನಿಯನ್ ವ್ಯಾಪಾರವೇ ಕುಸಿಯಿತೆಂಬ ಕಥೆ ಬಹುಕಾಲದಿಂದ ನಡೆದುಬಂದಿದೆ. ಅದನ್ನು ಸಮರ್ಥಿಸುವ ಲೆಕ್ಕಪತ್ರಗಳು ಮಾತ್ರ ದೊರೆತಿಲ್ಲ.

ಅನುಕರಣವು ಬರಿಯ ಸೊಗಸಿನ ಮಾತಾಗಿ ಉಳಿಯದ ಸಂದರ್ಭವೂ ಉಂಟು. 1941ರಲ್ಲಿ ‘ಐ ವಾಂಟೆಡ್ ವಿಂಗ್ಸ್’ ಚಿತ್ರದಿಂದ ಹೆಸರಾದ ವೆರೋನಿಕಾ ಲೇಕ್ ಎಂಬ ನಟಿಯ ನೀಳವಾದ ಹೊಂಗೂದಲು ಒಂದು ಕಣ್ಣನ್ನು ಮರೆಮಾಡಿ ಅಲೆಯಲೆಯಾಗಿ ಭುಜಕ್ಕೆ ಇಳಿಯುತ್ತಿದ್ದಿತು. ಅಮೆರಿಕದ ಹೆಣ್ಣುಮಕ್ಕಳು ಹಾಗೆಯೇ ಕೂದಲು ಬಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ದೇಶವು ಯುದ್ಧಕ್ಕಿಳಿಯಲು, ಸ್ತ್ರೀಯರು ಲಕ್ಷಗಟ್ಟಲೆಯಾಗಿ ಯುದ್ಧಸಾಮಗ್ರಿಯ ಕಾರ್ಖಾನೆಗಳನ್ನು ಸೇರಿದರು. ತಿರುಗುವ ಯಂತ್ರದ ಮುಂದೆ ಬಾಗಿ ನಿಂತವಳಿಗೆ ಇಳಿಬಿದ್ದ ಕೂದಲೆಂದರೆ ಪ್ರಾಣಾಪಾಯ: ಒಂದು ಕಣ್ಣಿಗೆ ಮರೆ, ತುದಿ ಸಿಕ್ಕಿಕೊಂಡರೆ ತಲೆಯೇ ಯಂತ್ರದೆಡೆಗೆ. ಆಗ ಸರ್ಕಾರದವರು ಎಚ್ಚರಿಕೆಯ ಫಲಕಗಳಿಂದಲೇ ತೃಪ್ತರಾಗದೆ ಆ ನಟಿಯ ಸಹಾಯವನ್ನೇ ಬೇಡಿದರು. ಆಕೆ ಒಪ್ಪಿ, 1943ರ ಸುಮಾರಿಗೆ ಕ್ಯಾಮರಾದ ಮುಂದೆ ತನ್ನ ಹೆಸರುವಾಸಿ ಕೂದಲನ್ನು ಮೇಲೆತ್ತಿ ಕಟ್ಟಿ ತೋರಿಸಿದಳು. ಕಾರ್ಖಾನೆಯ ಹೆಣ್ಣುಮಕ್ಕಳು ಅನುಸರಿಸಲೆಂದು ಆ ದೃಶ್ಯವನ್ನು ಚಿತ್ರಮಂದಿರಗಳಲ್ಲಿ ತೋರಿಸಲಾಯಿತು. ತನ್ನ ಕೀರ್ತಿಗೆ ಕಾರಣವಾದುದನ್ನೇ ಆಕೆ ಬಿಟ್ಟುಕೊಟ್ಟಿದ್ದಳು. 1950ರ ದಶಕದ ಆರಂಭದ ಹೊತ್ತಿಗೆ ಆಕೆ ಹಾಲಿವುಡ್ಡಿನಿಂದ ಬಹುಮಟ್ಟಿಗೆ ಮರೆಯಾಗಿದ್ದಳು.